ನುಡಿಯ ಅಳಿವು – ಉಳಿವು

ಯಲಹಂಕದ ನೆರೆಯಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಅದರ ಕನ್ನಡ ಶಾಸನದಲ್ಲಿ ಈ ಸೀಮೆಗೆ ‘ಪೆರ್ಬೊಳಲ್ನಾಡು’ ಎಂಬ ಹೆಸರಿದೆ. ಅಂದಿನ ಪೆರ್ಬೊಳಲು ಇಂದಿನ ಹೆಬ್ಬಾಳ. ಹೀಗೆಯೇ ಹಳೆಯ ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು. ಹನ್ನೆರಡು ಶತಮಾನಗಳಲ್ಲಿ ಕನ್ನಡ ಇಷ್ಟು ಬದಲಾದರೂ ಅಳಿಯಲಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಮುಂದಿನ ತಲೆಮಾರಿಗೆ ಆಡಿ ಒಪ್ಪಿಸುತ್ತ ಬಂದುದೇ ಇದಕ್ಕೆ ಕಾರಣ. ಬದಲಾವಣೆ ಭಾಷೆಯ ಜೀವಲಕ್ಷಣ. ತಲೆಮಾರುಗಳ ನಡುವಣ ಈ ಕೊಂಡಿ ಕಳಚಿದರೆ ಅದೇ ಭಾಷೆಯ ಅಳಿವು.

ಅಂತಹ ಅಳಿವಿಗೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಅಂಡಮಾನ್ ದ್ವೀಪಗಳ ‘ಬೋ’ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿಯಾಗಿದ್ದ ಬೋವಾ ಸೀನಿಯರ್ ಎಂಬ ವೃದ್ಧೆ 2010ರ ಜನವರಿಯಲ್ಲಿ ತೀರಿಕೊಂಡರು. ಅವರ ಬಾಳಿನ ಕೊನೆಯ ವರ್ಷಗಳಲ್ಲಿ ಆ ನುಡಿಯಲ್ಲಿ ಅವರಿಗೆ ಮರುಮಾತು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಅವರೊಡನೆ ಒಂದು ಭಾಷೆಯೂ ಮೌನವಾಯಿತು.

ಕರ್ನಾಟಕದ ಮೂರು ನುಡಿಗಳನ್ನು ಹೋಲಿಸಿ ನೋಡೋಣ. ತುಳು, ಕೊಡವ, ಕೊರಗ – ಇವು ಮೂರೂ ಕನ್ನಡದಂತೆಯೇ ದ್ರಾವಿಡ ಬಳಗಕ್ಕೆ ಸೇರಿದವು. ಆದರೆ ಇವುಗಳ ಸ್ಥಿತಿ ಒಂದೇ ಬಗೆಯದಲ್ಲ.

2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಪಾಡ್ದನಗಳೆಂಬ ದೀರ್ಘ ಕಥನಗೀತಗಳು ನಾಟಿಯ ಗದ್ದೆಯಲ್ಲಿಯೂ ಭೂತಾರಾಧನೆಯ ಅಂಗಳದಲ್ಲಿಯೂ ಹಾಡಾಗಿ ಹರಿದುಬಂದಿವೆ. ಆರು ಸಂಪುಟಗಳ ತುಳು ನಿಘಂಟೂ ಸಿದ್ಧವಾಗಿದೆ. ಆದರೂ ಯುನೆಸ್ಕೋ ಸಂಸ್ಥೆ ತನ್ನ ಭಾಷಾ ಭೂಪಟದಲ್ಲಿ ತುಳುವನ್ನು ಅಪಾಯದ ಮೊದಲ ಮೆಟ್ಟಿಲಿನಲ್ಲಿ ಇರಿಸಿತು. ಮಕ್ಕಳು ಆಡುವ ಭಾಷೆಯೂ ಕೆಲವೇ ಸಂದರ್ಭಗಳಿಗೆ ಸೀಮಿತವಾಗುತ್ತ ಬಂದರೆ ಅದು ಎಚ್ಚರಿಕೆಯ ಗಂಟೆ.

ಕೊಡವ ಭಾಷೆಯದು ಇನ್ನೂ ಕಳವಳದ ಸ್ಥಿತಿ. 2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರ ಸಂಖ್ಯೆ 2011ರಲ್ಲಿ 1,13,857 ಎಂದು ದಾಖಲಾಯಿತು. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ಮನೆಗಳಲ್ಲಿ ಅಜ್ಜಿಯ ಮಾತು ಮೊಮ್ಮಗುವಿಗೆ ತಲುಪುವುದು ಸುಲಭವಲ್ಲ. ಅದೃಷ್ಟವಶಾತ್, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಆಚಾರಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ‘ಒಕ್ಕ’ವೆಂದರೆ ಒಂದು ಮೂಲಪುರುಷನಿಂದ ಬೆಳೆದ ಕುಲ, ‘ಐನ್‌ಮನೆ’ಯೆಂದರೆ ಆ ಕುಲದವರೆಲ್ಲರ ಮೂಲಮನೆ. ಇಂತಹ ಒಂದೊಂದು ಪದದ ಹಿಂದೆಯೂ ಒಂದು ಜೀವನಕ್ರಮವೇ ಇದೆ.

ಕೊರಗ ಭಾಷೆಯ ಪಾಡು ಎಲ್ಲಕ್ಕಿಂತ ಕಠಿಣವಾದುದು. ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆಯುವುದರಲ್ಲಿ ನಿಪುಣರಾದ ಈ ಜನ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ನೆಲೆಸಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇವರ ನುಡಿಯ ವ್ಯಾಕರಣವನ್ನು ಅಭ್ಯಸಿಸಿ 1971ರಲ್ಲಿ ಗ್ರಂಥವೊಂದನ್ನು ಹೊರತಂದರು. ಇಂದು ಹೆಚ್ಚಿನ ಕೊರಗರ ನಿತ್ಯದ ಮಾತು ತುಳು. ಕೊರಗರನ್ನು ಕೀಳಾಗಿ ಕಂಡು ಅಮಾನುಷ ಚಾಕರಿ ಮಾಡಿಸುತ್ತಿದ್ದ ‘ಅಜಲು’ ಪದ್ಧತಿಯನ್ನು ಕರ್ನಾಟಕ ಸರ್ಕಾರ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ. ಆಡುವ ಜನರಿಗೇ ಗೌರವವಿಲ್ಲದೆಡೆಯಲ್ಲಿ ಅವರು ಆಡುವ ನುಡಿಗೆ ಗೌರವ ದೊರೆತೀತೇ? ಆದುದರಿಂದ ಭಾಷೆಯ ಉಳಿವಿನ ಪ್ರಶ್ನೆ ಮನುಷ್ಯನ ಮಾನದ ಪ್ರಶ್ನೆಯೂ ಆಗಿದೆ.

ಈ ಹೋಲಿಕೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಡುವವರ ಸಂಖ್ಯೆ, ಗ್ರಂಥ, ನಿಘಂಟು – ಇವೆಲ್ಲವೂ ಭಾಷೆಗೆ ಆಸರೆ. ಆದರೆ ಮಗುವಿನ ನಾಲಿಗೆಯೇ ಅದರ ನಿಜವಾದ ನೆಲೆ. ನ್ಯೂಜಿಲೆಂಡಿನ ಮಾವೋರಿ ಜನರು ಇದನ್ನರಿತು 1982ರಲ್ಲಿ ‘ನುಡಿಯ ಗೂಡು’ ಎಂಬರ್ಥದ ಹೆಸರಿನ ಶಿಶುವಿಹಾರಗಳನ್ನು ತೆರೆದರು. ಅಲ್ಲಿ ಹಿರಿಯರು ಎಳೆಯರೊಡನೆ ತಮ್ಮ ನುಡಿಯನ್ನೇ ಆಡತೊಡಗಿದರು. 1987ರಲ್ಲಿ ಆ ನುಡಿಗೆ ಅಧಿಕೃತ ಭಾಷೆಯ ಸ್ಥಾನವೂ ದೊರೆಯಿತು.

ಯಲಹಂಕದಂತಹ ಬೆಳೆಯುತ್ತಿರುವ ಊರುಗಳಲ್ಲಿ ಒಂದೇ ಬೀದಿಯಲ್ಲಿ ಹಲವು ಮನೆಮಾತುಗಳು ನೆಲೆಸಿರುತ್ತವೆ. ಬೀದಿಯಲ್ಲಿ ಎಲ್ಲರನ್ನೂ ಬೆಸೆಯುವ ಕನ್ನಡ, ಮನೆಯಲ್ಲಿ ತಾಯ್ನುಡಿ – ಇವೆರಡಕ್ಕೂ ಒಂದೇ ನಾಲಿಗೆಯಲ್ಲಿ ಎಡೆಯುಂಟು. ತನ್ನ ನುಡಿಯನ್ನು ಆಡಲು ನಾಚದಿರುವುದು, ನೆರೆಯವರ ನುಡಿಯನ್ನು ಕೇಳಿ ನಗದಿರುವುದು – ಇವು ಎಳೆಯರಿಂದಲೂ ಆಗಬಹುದಾದ ದೊಡ್ಡ ಸೇವೆ.

ಶಬ್ದಾರ್ಥ
ತಲೆಮಾರು – ಪೀಳಿಗೆ. ಪಾಡು – ಸ್ಥಿತಿ. ಚಾಕರಿ – ಊಳಿಗ. ಮಾನ – ಗೌರವ. ಎಡೆ – ಸ್ಥಳ, ಅವಕಾಶ

ಪ್ರಶ್ನೆಗಳು
1. ಭಾಷೆಯ ಬದಲಾವಣೆಗೂ ಅಳಿವಿಗೂ ಇರುವ ವ್ಯತ್ಯಾಸವೇನು?
2. ತುಳು, ಕೊಡವ, ಕೊರಗ ಭಾಷೆಗಳ ಸ್ಥಿತಿಗತಿಗಳನ್ನು ಹೋಲಿಸಿ ಬರೆಯಿರಿ.
3. ‘ಭಾಷೆಯ ಉಳಿವಿನ ಪ್ರಶ್ನೆ ಮನುಷ್ಯನ ಮಾನದ ಪ್ರಶ್ನೆಯೂ ಆಗಿದೆ’ – ಈ ಮಾತನ್ನು ಸಮರ್ಥಿಸಿರಿ.