ಪರನಾಡನ್ನು ಬಲ್ಲ ಸೈನಿಕರು: ಅನುಭವದ ಕೆಲವು ಪಾಠಗಳು

ಭೂಸೇನೆಯ ಶಿಕ್ಷಣ ದಳದಲ್ಲಿದ್ದಾಗ ವಿದೇಶಿ ಭಾಷೆ, ಅಲ್ಲಿನ ಜನಜೀವನ ಬಲ್ಲವರನ್ನು ಆರಿಸಿ, ಕಲಿಸಿ, ಕಳಿಸುವ ಕೆಲಸವನ್ನು ಬಹಳ ವರ್ಷ ನೋಡಿಕೊಂಡೆ. ನಿವೃತ್ತನಾಗಿ ಇಂಡಿಗೆ ಬಂದ ಮೇಲೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರು ಸೇನೆ ಸೇರುವುದು ಹೇಗೆಂದು ಕೇಳಲು ಬರುತ್ತಾರೆ. ಓಟ, ಎತ್ತರ, ಎದೆಯಳತೆ ಎಲ್ಲ ವಿಚಾರಿಸುತ್ತಾರೆ. ಭಾಷೆಯ ಸುದ್ದಿ ಯಾರೂ ಎತ್ತುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಆರಿಸುವಾಗ ಅಂಕಕ್ಕಿಂತ ಮನುಷ್ಯನ ನಡೆ ನೋಡಬೇಕು. ದಕ್ಷಿಣ ಲೆಬನಾನಿನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಗೆ ನಮ್ಮ ಪಲ್ಟನ್‌ಗಳು 1998ರಿಂದ ಸರದಿಯಂತೆ ಹೋಗಿವೆ. ಅಲ್ಲಿ ನಮ್ಮ ಪಶುವೈದ್ಯರು ಹಳ್ಳಿಗರ ದನ, ಕುರಿಗಳಿಗೂ ಔಷಧ ಕೊಡುತ್ತಿದ್ದರು. ಅಂಥ ಒಂದು ಪಶುಚಿಕಿತ್ಸಾ ಶಿಬಿರದಲ್ಲಿ ಸಿಂದಗಿ ಕಡೆಯ ಹವಾಲ್ದಾರನೊಬ್ಬ ದುಭಾಷಿ. ಕುರಿ ತಂದಿದ್ದ ಮುದುಕ ದೂರ ನಿಂತೇ ಮಾತಾಡುತ್ತಿದ್ದ. ಹವಾಲ್ದಾರ ಕುರಿಯ ತುಟಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳಿದ. ಮುದುಕ ಹತ್ತಿರ ಬಂದು ಕೂತ. ಮೇವಿನಿಂದ ಶುರುವಾದ ಮಾತು ಊರಿನ ಭಯ, ಬೇಸರಗಳವರೆಗೂ ಹೋಯಿತು. ಹವಾಲ್ದಾರನ ಅರಬ್ಬಿ ವ್ಯಾಕರಣ ಸಾಧಾರಣವೇ ಇತ್ತು. ಆದರೂ ಅಂಥವನನ್ನೇ ನಾನು ಮೊದಲು ಆರಿಸುತ್ತೇನೆ. ವ್ಯಾಕರಣ ಕಲಿಸಬಹುದು.

2. ಕಲಿತವನನ್ನು ಕಲಿತ ಕೆಲಸಕ್ಕೇ ಹಚ್ಚಬೇಕು. ಇದು ಎಲ್ಲಕ್ಕಿಂತ ಕಷ್ಟದ ಪಾಠ. ದಿಲ್ಲಿಯಲ್ಲಿ ರಕ್ಷಣಾ ಸಚಿವಾಲಯದ ವಿದೇಶಿ ಭಾಷಾ ಶಾಲೆ 1948ರಿಂದ ಇದೆ, ಪಚ್‌ಮಢಿಯಲ್ಲಿ ಶಿಕ್ಷಣ ದಳದ ಕೇಂದ್ರವಿದೆ. ಕಲಿಕೆಗೆ ಕೊರತೆಯಿಲ್ಲ. ಆದರೆ ಚೀನೀ ಭಾಷೆ ಕಲಿತವನನ್ನು ಉಗ್ರಾಣದ ಲೆಕ್ಕಕ್ಕೆ ಕೂರಿಸಿದರೆ ಕಲಿತದ್ದು ಬೇಗ ಮರೆತುಹೋಗುತ್ತದೆ. ಇನ್ನೊಂದು ಕಡೆ, ಅಧಿಕಾರಿಗೆ ಬಡ್ತಿ ಬೇಕೆಂದರೆ ತುಕಡಿ ನಡೆಸಿದ ಅನುಭವ ಬೇಕೇ ಬೇಕು. ಭಾಷೆಯಲ್ಲೇ ಉಳಿದವನು ಬಡ್ತಿಯಲ್ಲಿ ಹಿಂದೆ ಬೀಳುತ್ತಾನೆ. ಹಾಗಾಗಿ ಒಂದು ಅವಧಿ ಪಲ್ಟನ್ನಿನಲ್ಲಿ, ಮುಂದಿನದು ಅವನು ಬಲ್ಲ ಪ್ರದೇಶದ ಕೆಲಸದಲ್ಲಿ ಎಂದು ಮೊದಲೇ ಬರೆದಿಡಬೇಕು. ವರ್ಗಾವಣೆ ಆದೇಶ ಬಂದ ಮೇಲೆ ಓಡಾಡಿದರೆ ಏನೂ ಗಿಟ್ಟುವುದಿಲ್ಲ.

3. ಪರನಾಡನ್ನು ಬಲ್ಲವರದು ಮೂರೂ ಸೇನೆಗೆ ಒಂದೇ ಪಟ್ಟಿ ಇರಲಿ. ಬಂದರಿನ ಮಾತು ನೌಕಾಪಡೆಯವನಿಗೆ ತಿಳಿಯುತ್ತದೆ, ವಿಮಾನದ್ದು ವಾಯುಪಡೆಯವನಿಗೆ. ಅವರು ಅರಿಯಬೇಕಾದ ದೇಶ ಮಾತ್ರ ಒಂದೇ. ಅಮೆರಿಕದ ರಕ್ಷಣಾ ಇಲಾಖೆ 2005ರಲ್ಲಿ ತನ್ನ ಎಲ್ಲ ಪಡೆಗಳಿಗೂ ಇಂಥ ಪ್ರದೇಶತಜ್ಞ ಅಧಿಕಾರಿಗಳನ್ನು ಬೆಳೆಸಲು ಆದೇಶಿಸಿತು. ನಮ್ಮಲ್ಲಿ 2020ರಿಂದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಇದೆ. ಈ ಪಟ್ಟಿಯನ್ನು ಇಡಲು ಅದಕ್ಕಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ.

4. ದುಭಾಷಿಯ ಮಾತನ್ನು ದೊಡ್ಡವರು ಕೇಳಬೇಕು. ಕೊಡಗಿನ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದಾಗ, ಊರಿಗೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಭಾರತದ ಮೇಲೆ ಬಿತ್ತು. ಬಹುತೇಕರು ಚೀನೀಯರು, ಕೊರಿಯನ್ನರು. ಅಂಥಲ್ಲಿ ಸೇನಾಧಿಕಾರಿಯ ತೀರ್ಮಾನ ದುಭಾಷಿಯ ನಿಯತ್ತಿನ ಮೇಲೆ ನಿಂತಿರುತ್ತದೆ. ಕೇಳಲು ಹಿತವಲ್ಲದ್ದನ್ನೂ ಇದ್ದಂತೆ ಹೇಳುವವನಿಗೆ ಮೇಲಿನವರ ರಕ್ಷಣೆ ಬೇಕು.

5. ಹುಡುಕಬೇಕಾದವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. ಮನೆಯಲ್ಲಿ ಕನ್ನಡ, ಸೊಲ್ಲಾಪುರದ ವ್ಯಾಪಾರಿಯೊಡನೆ ಮರಾಠಿ, ಓಣಿಯ ಗೆಳೆಯರೊಡನೆ ದಖನಿ ಉರ್ದು ಆಡುತ್ತ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಹೆದರಿಕೆ ಹುಟ್ಟಿಸುವುದಿಲ್ಲ. ಉರ್ದು ಓದಲು ಬಂದರೆ ಅರಬ್ಬಿ ಲಿಪಿಯ ಅರ್ಧ ದಾರಿ ಸವೆದಂತೆ.

ಮಾಸ್ತರರಲ್ಲಿ ನನ್ನದೊಂದು ವಿನಂತಿ. ವಿಜಯಪುರದ ಸೈನಿಕ ಶಾಲೆ 1963ರಿಂದ ನಮ್ಮ ಬಾಗಿಲಲ್ಲೇ ಇದೆ. ಅಲ್ಲಿಂದ ಮುಂದೆ ಹೋಗಬಹುದಾದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಅರಬ್ಬಿ, ಚೀನೀ, ಫ್ರೆಂಚ್, ರಷ್ಯನ್ ಕಲಿಸುತ್ತಾರೆ. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ನಿಮ್ಮ ತರಗತಿಯಲ್ಲಿ ಮೂರು ಭಾಷೆ ಸಲೀಸಾಗಿ ಆಡುವ ಮಗು ಕಂಡರೆ, ಅದರ ತಂದೆತಾಯಿಯನ್ನು ಕರೆಸಿ ಈ ದಾರಿಯೂ ಇದೆ ಎಂದು ದಯವಿಟ್ಟು ಹೇಳಿ.