ಅಸ್ಥಿಸ್ನಾಯು: ರಚನೆ ಮತ್ತು ಸಂಕುಚನ

ಮೂಳೆಗೆ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡು, ನಮ್ಮ ಇಚ್ಛೆಯಂತೆ ಕೆಲಸ ಮಾಡುವ ಪಟ್ಟೆಯುಳ್ಳ ಸ್ನಾಯುಗಳೇ ಅಸ್ಥಿಸ್ನಾಯುಗಳು. ದೇಹದಲ್ಲಿ ಇವು 600ಕ್ಕೂ ಹೆಚ್ಚು. ತೂಕದಲ್ಲಿ ಸುಮಾರು 40% ಪಾಲು. ಒಂದೊಂದು ಸ್ನಾಯುತಂತುವೂ ಹಲವು ಕೋಶಕೇಂದ್ರಗಳುಳ್ಳ ಒಂದೇ ಕೋಶ. ಅದರೊಳಗೆ ಮಯೋಫೈಬ್ರಿಲ್‌ಗಳು, ಅವುಗಳಲ್ಲಿ ಸಾಲಾಗಿ ಸಾರ್ಕೋಮಿಯರ್‌ಗಳು. ಎರಡು ಝಡ್ ರೇಖೆಗಳ ನಡುವಿನ ಭಾಗವೇ ಸಾರ್ಕೋಮಿಯರ್, ಸಂಕುಚನದ ಮೂಲ ಘಟಕ.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬಿಡುಗಡೆಯಾದರೆ ಕೋಶದೊಳಗೆ ಕ್ಯಾಲ್ಸಿಯಂ ಹೊರಬಂದು ತೆಳು ಎಳೆಯ ಮೇಲಿನ ಪ್ರೋಟೀನ್ ಟ್ರೋಪೋನಿನ್‌ಗೆ ಅಂಟುತ್ತದೆ. ಆಗ ಹಿಡಿತದ ಜಾಗಗಳನ್ನು ಮುಚ್ಚಿದ್ದ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿದು, ದಪ್ಪ ಎಳೆಯ ಮಯೋಸಿನ್ ತಲೆಗಳು ತೆಳು ಎಳೆಯ ಆ್ಯಕ್ಟಿನ್ ಅನ್ನು ಹಿಡಿದೆಳೆಯುತ್ತವೆ. ಹಗ್ಗವನ್ನು ಕೈ ಬದಲಿಸುತ್ತ ಜಗ್ಗಿದಂತೆ! ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಅಷ್ಟೆ. ಹಾಗಾಗಿ ತೆಳು ಎಳೆ ಮಾತ್ರವಿರುವ ಐ ಪಟ್ಟೆ ಕಿರಿದಾಗುತ್ತದೆ, ದಪ್ಪ ಎಳೆಯಿರುವ ಎ ಪಟ್ಟೆಯ ಉದ್ದ ಬದಲಾಗದು. ಬಹಳ ಮಂದಿ ಎಡವುವುದು ಇಲ್ಲೇ. ಈ 'ಜಾರುವ ಎಳೆ ಸಿದ್ಧಾಂತ' 1954ರದ್ದು. ಎರಡು ತಂಡಗಳಲ್ಲಿ ಇಬ್ಬರು ಬೇರೆ ಬೇರೆ ಹಕ್ಸ್‌ಲಿಗಳು: ಆ್ಯಂಡ್ರೂ ಮತ್ತು ಹ್ಯೂ.

ಕೋಶಕ್ಕೆ ಶಕ್ತಿ ಕೊಡುವ ಅಣು ಎಟಿಪಿ ಬೇಕಿರುವುದು ಎಳೆಯಲು ಮಾತ್ರವಲ್ಲ, ಹಿಡಿತ ಬಿಡಿಸಲೂ ಬೇಕು. ಸತ್ತ ಮೇಲೆ ಎಟಿಪಿ ಮುಗಿದು ಹಿಡಿತ ಬಿಡದೆ ದೇಹ ಸೆಟೆದುಕೊಳ್ಳುತ್ತದೆ.

ಅತಿ ದೊಡ್ಡ ಸ್ನಾಯು ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್. ಅತಿ ಚಿಕ್ಕದು ಕಿವಿಯೊಳಗಿನ ಸ್ಟೆಪೀಡಿಯಸ್.