ಹಾರ್ಮೋನಿಕ್ಸ್ ಹಿಡಿಯಲು ಎಂಟು ಸೂತ್ರ

ಕಾರವಾರದಿಂದ ಹೆದ್ದಾರಿ 66 ಹಿಡಿದು ಮಡಗಾಂವ್ ದಾಟಿದರೆ ಗೋವಾದ ವೆರ್ಣಾ ಕೈಗಾರಿಕಾ ವಸಾಹತು. ಔಷಧ ಕಾರ್ಖಾನೆಗಳಿಗೆ ಹೆಸರಾದ ಜಾಗ. ಇಂಥ ಕಾರ್ಖಾನೆಗಳಲ್ಲಿ ಕ್ಲೀನ್‌ರೂಮಿಗೆ ಗಾಳಿ ನೂಕುವ ಬ್ಲೋವರು, ಚಿಲ್ಲರ್ ಪಂಪುಗಳನ್ನು ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಮೇಲೆ ಓಡಿಸುವುದೇ ರೂಢಿ. ವಿಎಫ್‌ಡಿ ಯೂನಿಟ್ ಉಳಿಸುತ್ತದೆ, ನಿಜ. ಆದರೆ ಕರೆಂಟನ್ನು ನಯವಾದ ಅಲೆಯಾಗಿ ಎಳೆಯದೆ ತುಂಡುತುಂಡಾಗಿ ಎಳೆಯುತ್ತದೆ. ಆಗ 50 ಹರ್ಟ್ಸ್ ಜೊತೆ 250, 350, 550, 650 ಹರ್ಟ್ಸ್‌ಗಳೂ ಲೈನಿಗೆ ಇಳಿಯುತ್ತವೆ. ಇವೇ ಹಾರ್ಮೋನಿಕ್ಸ್. ಕೇಬಲ್ ಬಿಸಿಯಾಗುತ್ತದೆ, ಕ್ಯಾಪಾಸಿಟರ್ ಉಬ್ಬುತ್ತದೆ. ಪವರ್ ಅನಲೈಸರ್ ತರಿಸಿದ್ದೀರಾ? ಹಾಗಾದರೆ ಇವು ನೆನಪಿರಲಿ.

1. ಮೊದಲು ಜಾಗ ಗೊತ್ತುಮಾಡಿ. ಹಾರ್ಮೋನಿಕ್ಸ್ ಮಾನದಂಡವಾದ ಐಇಇಇ 519ರ ಮಿತಿಗಳು ಅನ್ವಯಿಸುವುದು ವಿದ್ಯುತ್ ಇಲಾಖೆಯ ಲೈನು ನಿಮ್ಮ ಕಾರ್ಖಾನೆಗೆ ಸೇರುವ ಬಿಂದುವಿಗೆ, ವಿಎಫ್‌ಡಿಯ ಬಾಯಿಗಲ್ಲ. ಅಲ್ಲಿ ವೋಲ್ಟೇಜ್ ಟಿಎಚ್‌ಡಿ (ಒಟ್ಟು ಹಾರ್ಮೋನಿಕ್ ವಿಕೃತಿ) 1 ಕೆವಿವರೆಗೆ 8%, ಅದಕ್ಕೂ ಮೇಲೆ 69 ಕೆವಿವರೆಗೆ 5% ಮೀರಬಾರದು. ಕಳ್ಳನನ್ನು ಹುಡುಕಲು ಮಾತ್ರ ಫೀಡರ್‌ನಿಂದ ಫೀಡರ್‌ಗೆ ಹೋಗಿ.

2. ಜೀವ ಮೊದಲು. ಮುಖ್ಯ ಇನ್‌ಕಮರ್‌ನಲ್ಲಿ ಕ್ಯಾಟ್-4 ದರ್ಜೆಯ ಲೀಡು, ಕೈಗೆ ಗ್ಲೌಸು. ಚಾಲೂ ಇರುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯನ್ನು ಯಾವ ಕಾರಣಕ್ಕೂ ತೆರೆಯಬೇಡಿ.

3. ಕ್ಲ್ಯಾಂಪಿನ ಬಾಣ ಲೋಡಿನ ಕಡೆಗಿರಲಿ. ಆರ್ ಫೇಸ್ ವೋಲ್ಟೇಜಿಗೆ ಆರ್ ಫೇಸ್ ಕ್ಲ್ಯಾಂಪು. ಸೋಲಾರ್ ಇಲ್ಲದ ಫೀಡರಿನಲ್ಲಿ ಒಂದು ಫೇಸ್ ಮೈನಸ್ ಕಿಲೋವ್ಯಾಟ್ ತೋರಿಸಿತೋ, ಕ್ಲ್ಯಾಂಪು ತಿರುವುಮುರುವಾಗಿದೆ ಅಥವಾ ಫೇಸ್ ಅದಲುಬದಲಾಗಿದೆ. ರೆಕಾರ್ಡಿಂಗ್ ಒತ್ತುವ ಮುನ್ನ ಫೇಸರ್ ಸ್ಕ್ರೀನ್ ನೋಡಿ.

4. ನ್ಯೂಟ್ರಲ್‌ಗೂ ಒಂದು ಕ್ಲ್ಯಾಂಪು. ಕಂಪ್ಯೂಟರ್, ಎಲ್‌ಇಡಿ ದೀಪಗಳ ಮೂರನೇ ಹಾರ್ಮೋನಿಕ್ ಮೂರು ಫೇಸಿನಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಲೋಡು ಸಮವಾಗಿದ್ದರೂ ನ್ಯೂಟ್ರಲ್ ಕರೆಂಟು ಫೇಸಿನ 1.7 ಪಟ್ಟಿನವರೆಗೆ ಏರಬಹುದು. ಆಡಳಿತ ಕಟ್ಟಡದ ಪ್ಯಾನೆಲಿನಲ್ಲಿ ಇದನ್ನು ತಪ್ಪದೆ ನೋಡಿ.

5. ಒಂದು ವಾರ ಬಿಟ್ಟುಬಿಡಿ. ಬೆಳಗ್ಗೆ ಹನ್ನೊಂದರ ಒಂದು ರೀಡಿಂಗು ಏನನ್ನೂ ಹೇಳದು. ರಾತ್ರಿ ಪಾಳಿ, ಭಾನುವಾರ ಎಲ್ಲವೂ ಸೇರಲಿ. 10 ನಿಮಿಷದ ಸರಾಸರಿ ಇಡಿ. ವಾರದ 95% ಹೊತ್ತು ಮಿತಿಯೊಳಗಿದೆಯೇ ಎಂಬುದೇ ಪ್ರಶ್ನೆ.

6. ಶೇಕಡಾವಾರಿಗೆ ಮರುಳಾಗಬೇಡಿ. ರಾತ್ರಿ ಮೂಲ ಕರೆಂಟು 100 ಆಂಪಿಯರ್, ಹಾರ್ಮೋನಿಕ್ 30 ಆಂಪಿಯರ್ ಎನ್ನಿ: ಟಿಎಚ್‌ಡಿ 30%, ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಾರ್ಖಾನೆಯ ಗರಿಷ್ಠ ಬೇಡಿಕೆ 600 ಆಂಪಿಯರ್ ಆಗಿದ್ದರೆ ಅದೇ 30 ಆಂಪಿಯರ್ ಬರೀ 5%. ಈ ಎರಡನೆಯದೇ ಟಿಡಿಡಿ. ಐಇಇಇ 519 ಕರೆಂಟಿನ ಮಿತಿಯನ್ನು ಹೇಳುವುದು ಇದರಲ್ಲೇ.

7. ಕ್ಯಾಪಾಸಿಟರ್ ಹಾಕಿಯೂ ತೆಗೆದೂ ಅಳೆಯಿರಿ. ಪವರ್ ಫ್ಯಾಕ್ಟರನ್ನು ತಾನೇ ಸರಿಮಾಡುವ ಎಪಿಎಫ್‌ಸಿ ಪ್ಯಾನೆಲಿನ ಪ್ರತಿ ಹಂತದಲ್ಲೂ ಅನುರಣನದ ಬಿಂದು ಜರುಗುತ್ತದೆ. 1000 ಕೆವಿಎ, 5% ಇಂಪಿಡೆನ್ಸ್‌ನ ಟ್ರಾನ್ಸ್‌ಫಾರ್ಮರ್‌ನ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 20,000 ಕೆವಿಎ. 400 ಕೆವಿಎಆರ್ ಕ್ಯಾಪಾಸಿಟರ್ ಸೇರಿಸಿದರೆ 20,000 ಭಾಗಿಸು 400, ಅಂದರೆ 50. ಅದರ ವರ್ಗಮೂಲ ಸುಮಾರು 7. ಅನುರಣನ ನೇರ ಏಳನೇ ಹಾರ್ಮೋನಿಕ್ ಮೇಲೆ! 800 ಮಾಡಿದರೆ ಐದನೆಯದರ ಮೇಲೆ. ಪವರ್ ಫ್ಯಾಕ್ಟರ್ ಸರಿಮಾಡಲು ಹೋಗಿ ಕ್ಯಾಪಾಸಿಟರ್ ಸುಟ್ಟುಕೊಳ್ಳುವುದು ಹೀಗೆ. 7% ಡಿಟ್ಯೂನ್ಡ್ ರಿಯಾಕ್ಟರ್ ಸೇರಿಸಿದರೆ ಬಿಂದು 189 ಹರ್ಟ್ಸ್‌ಗಿಂತ ಕೆಳಗಿಳಿದು ಐದನೆಯದರ ಕೆಳಗೇ ಉಳಿಯುತ್ತದೆ.

8. ಡಿಜಿ ಮೇಲೂ ಒಮ್ಮೆ ಅಳೆಯಿರಿ. ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಎದ್ದಾಗ ಲೋಡು ಅದೇ, ಮೂಲ ಮಾತ್ರ ದುರ್ಬಲ. ಗ್ರಿಡ್‌ನಲ್ಲಿ ಸುಮ್ಮನಿದ್ದ ಹಾರ್ಮೋನಿಕ್ಸ್ ಜನರೇಟರಿನಲ್ಲಿ ವೋಲ್ಟೇಜನ್ನೇ ಕೆಡಿಸುತ್ತವೆ.

ಕೊನೆಯದಾಗಿ ಒಂದು ಮಾತು. ಅಳೆಯುವ ಮುಂಚೆ ಫಿಲ್ಟರಿಗೆ ಆರ್ಡರ್ ಕೊಡಬೇಡಿ. ಕೂರಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಲೋಡಿನಲ್ಲಿ ಮತ್ತೆ ಅಳೆಯಿರಿ. ಎರಡೂ ರೀಡಿಂಗು ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.